ಮುಂಬೈಯಲ್ಲಿ ಒಳ್ಳೆ ಹೋಟೆಲ್ ಯಾವುದು ಸ್ವಾಮಿ?

ನನ್ನ ಭಾವಮೈದುನನ ಮದುವೆಗೆ ಇಪ್ಪತ್ತೈದು ವರ್ಷ ತುಂಬುತ್ತಿದೆ. ಹೆಂಡತಿಯನ್ನು ಮುಂಬೈಗೆ ಕರೆದುಕೊಂಡು ಹೋಗಿ ಎರಡು ರಾತ್ರಿ ಫೈವ್ ಸ್ಟಾರ್ ಹೋಟೆಲಿನಲ್ಲಿ ಇರಿಸುತ್ತೇನೆ ಅಂತ ಮಾತು ಕೊಟ್ಟುಬಿಟ್ಟಿದ್ದಾನೆ. ಮಾತು ಕೊಟ್ಟವನು ಅವನು, ಹೋಟೆಲ್ ಹುಡುಕುವ ಕರ್ಮ ನನ್ನದು. "ನೀವು ಪೇಪರಿಗೆ ಬರೆಯೋರು, ನಿಮಗೆ ಗೊತ್ತಿರುತ್ತೆ" ಅಂದ. ಪೇಪರಿಗೆ ಬರೆಯುವವನಿಗೆ ಗೊತ್ತಿರುವ ಹೋಟೆಲಿನಲ್ಲಿ ನಿಂತುಕೊಂಡೇ ತಿನ್ನಬೇಕು ಅನ್ನುವುದು ಅವನಿಗೆ ಗೊತ್ತಿಲ್ಲ, ಪಾಪ.

ಮೂರು ಸಂಜೆ ಮೊಬೈಲ್ ಆ್ಯಪ್ ತಿಕ್ಕಿದೆ. 'ಸೀ ವ್ಯೂ' ರೂಮಿಗೆ ಒಂದು ರೇಟು, 'ಪಾರ್ಶಿಯಲ್ ಸೀ ವ್ಯೂ'ಗೆ ಇನ್ನೊಂದು. ಎರಡನೆಯದರಲ್ಲಿ ಇದ್ದು ಬಂದ ಒಬ್ಬರು ಬರೆದಿದ್ದಾರೆ: ಕಿಟಕಿಗೆ ಕೆನ್ನೆ ಒತ್ತಿ ಬಲಕ್ಕೆ ಕಣ್ಣು ಹೊರಳಿಸಿದರೆ ಎರಡು ಬೆರಳಷ್ಟು ಸಮುದ್ರ ಕಾಣುತ್ತದಂತೆ. 'ಸಿಟಿ ವ್ಯೂ' ಅಂದರೆ ಎದುರು ಬಿಲ್ಡಿಂಗಿನ ಏಸಿ ಡಬ್ಬಗಳು. "ಕೊನೆಯ 1 ರೂಮು ಮಾತ್ರ ಉಳಿದಿದೆ, 14 ಜನ ನೋಡುತ್ತಿದ್ದಾರೆ" ಅಂತ ಕೆಂಪಕ್ಷರದಲ್ಲಿ ಹೆದರಿಸುತ್ತಾರೆ. ಮೂರು ದಿನವೂ ಅದೇ ಒಂದು ರೂಮು, ಅದೇ ಹದಿನಾಲ್ಕು ಜನ. ಅವರ ಪರಿಚಯವಾದರೆ ಚೆನ್ನಾಗಿತ್ತು ಅನ್ನಿಸತೊಡಗಿತು. ಕೊನೆಯ ಪರದೆಗೆ ಹೋದರೆ ಜಿಎಸ್‌ಟಿ ಹಲ್ಲು ಕಿರಿಯುತ್ತದೆ. ದಿನದ ಬಾಡಿಗೆ 7,500 ರೂಪಾಯಿ ದಾಟಿತೋ, ಶೇ 18. ಫೈವ್ ಸ್ಟಾರಿನಲ್ಲಿ ದಾಟದೆ ಇರುತ್ತದಾ?

ಆಗ ತಲೆಗೆ ಹೊಳೆಯಿತು. ಗುರುತು ಪರಿಚಯ ಇಲ್ಲದವರ ರಿವ್ಯೂ ಯಾಕೆ ಓದಬೇಕು? ಈ ವಿಷಯದಲ್ಲಿ ದೇಶಕ್ಕೇ ಗುರುಗಳಾದವರು ನಮ್ಮ ವಿಧಾನಸೌಧದಲ್ಲೇ ಇದ್ದಾರಲ್ಲ!

ಸುಮ್ನೆ ಹೇಳುತ್ತಿಲ್ಲ. 1984ರಲ್ಲಿ ಆಂಧ್ರದ ಎನ್.ಟಿ. ರಾಮರಾವ್ ಕುರ್ಚಿ ಕಳೆದುಕೊಂಡು, ಉಳಿದ ಶಾಸಕರನ್ನು ಕಾಪಾಡಿಕೊಳ್ಳಲು ಕಳಿಸಿದ್ದು ಎಲ್ಲಿಗೆ? ನಮ್ಮ ನಂದಿಬೆಟ್ಟಕ್ಕೆ. ಆಗ ಇಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ. 2002ರಲ್ಲಿ ಮಹಾರಾಷ್ಟ್ರದ ವಿಲಾಸರಾವ್ ದೇಶಮುಖ್ ತಮ್ಮವರನ್ನು ಬಚ್ಚಿಟ್ಟಿದ್ದು ಬೆಂಗಳೂರಿನಲ್ಲಿ. 2017ರಲ್ಲಿ ಗುಜರಾತಿನ 44 ಕಾಂಗ್ರೆಸ್ ಶಾಸಕರು ಬಂದು ಇಳಿದದ್ದು ಬಿಡದಿಯ ರೆಸಾರ್ಟಿಗೆ. ಬಿಡದಿ ಅಂದರೆ ನಮಗೆ ತಟ್ಟೆ ಇಡ್ಲಿ, ಇಡೀ ದೇಶಕ್ಕೆ ಶಾಸಕರ ಕೋಲ್ಡ್ ಸ್ಟೋರೇಜು. 2018ರ ಮೇ ತಿಂಗಳಲ್ಲಿ ನಮ್ಮ ಫಲಿತಾಂಶ ಅತಂತ್ರವಾದಾಗ ಕೇರಳ ಪ್ರವಾಸೋದ್ಯಮದವರು, ನಮ್ಮಲ್ಲಿ ಸುರಕ್ಷಿತವಾದ, ಸುಂದರವಾದ ರೆಸಾರ್ಟುಗಳಿವೆ, ಎಲ್ಲ ಶಾಸಕರೂ ಬನ್ನಿ ಅಂತ ಟ್ವೀಟ್ ಮಾಡಿಯೇಬಿಟ್ಟರು. ಆಮೇಲೆ ಅಳಿಸಿದರು. ಯಾಕೆ ಅಳಿಸಿದರೋ! ಅಷ್ಟು ಪ್ರಾಮಾಣಿಕವಾದ ಜಾಹೀರಾತು ನಾನು ಬೇರೆ ನೋಡಿಲ್ಲ. ನಮ್ಮವರು ಮಾತ್ರ ಹೈದರಾಬಾದಿಗೆ ಬಸ್ಸು ಹತ್ತಿದರು.

ಇನ್ನು 2019ರ ಜುಲೈ. ಕಥೆ ನಿಮಗೆ ಗೊತ್ತೇ ಇದೆ. ಕಾಂಗ್ರೆಸ್-ಜೆಡಿಎಸ್ ಸರ್ಕಾರಕ್ಕೆ ಕೈಕೊಟ್ಟು ರಾಜೀನಾಮೆ ಕೊಟ್ಟ ನಮ್ಮ ಶಾಸಕರು ಮೊದಲು ಮುಂಬೈಯ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಹೋಟೆಲಿನಲ್ಲಿದ್ದರು. ಅದು ಹಿಡಿಸಲಿಲ್ಲವೋ ಏನೋ, ಪವಾಯಿಯ ಇನ್ನೊಂದಕ್ಕೆ ಹೋದರು. ಪವಾಯಿ ಕೆರೆ ತುಂಬಿದರೆ ನೀರು ಮೀಠಿ ನದಿಗೆ ಇಳಿದು ಬಾಂದ್ರಾ ಕುರ್ಲಾ ಕಡೆಗೆ ಹರಿಯುತ್ತದೆ. ನೀರು ಆ ಕಡೆಯಿಂದ ಈ ಕಡೆ ಬಂದರೆ ನಮ್ಮವರು ಈ ಕಡೆಯಿಂದ ಆ ಕಡೆ ಹೋದರು. ಆ ಕೆರೆಯಲ್ಲಿ ಮೊಸಳೆಗಳೂ ಇವೆ. ಅವುಗಳಿಗೆ ಆ ಜುಲೈ ತಿಂಗಳು ಕೀಳರಿಮೆ ಬಂದಿರಬೇಕು.

ಅವರು ಹೋಟೆಲ್ ಆರಿಸುವ ಕ್ರಮ ನಮ್ಮ ಹಾಗಲ್ಲ. ನಾವು ಈಜುಕೊಳದ ಫೋಟೋ ನೋಡುತ್ತೇವೆ. ಅವರು ನೋಡುವುದು ಆ ರಾಜ್ಯದಲ್ಲಿ ಪೊಲೀಸರು ಯಾರ ಮಾತು ಕೇಳುತ್ತಾರೆ ಅನ್ನುವುದನ್ನು. ಮಿಕ್ಕಿದ್ದೆಲ್ಲ ಬಫೆಯಲ್ಲಿ ಉಪ್ಪಿನಕಾಯಿ ಇದ್ದ ಹಾಗೆ, ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಜುಲೈ 10ರ ಬೆಳಿಗ್ಗೆ ಡಿ.ಕೆ. ಶಿವಕುಮಾರ್ ಆ ಪವಾಯಿ ಹೋಟೆಲಿನ ಗೇಟಿಗೆ ಹೋದರು. ಇವರೇ ಬಿಡದಿಯಲ್ಲಿ ಗುಜರಾತಿನವರನ್ನು ಕಾಯ್ದವರು, ಅಂದರೆ ಗೇಟಿನ ಒಳಗಿನ ಪರಿಣತಿ ಇದ್ದವರು. ಹೊರಗೆ ನಿಲ್ಲುವ ಅಭ್ಯಾಸ ಇರಲಿಲ್ಲ. ನನ್ನದು ಇಲ್ಲಿ ರೂಮು ಬುಕ್ ಆಗಿದೆ, ಒಳಗೆ ನನ್ನ ಗೆಳೆಯರಿದ್ದಾರೆ ಅಂದರು. ಪೊಲೀಸರು ಬಿಡಲಿಲ್ಲ. ಹೋಟೆಲಿನವರು ಏನೋ ತುರ್ತು ಪರಿಸ್ಥಿತಿ ಅಂತ ಅವರ ಬುಕಿಂಗನ್ನೇ ರದ್ದು ಮಾಡಿದರು. ಮಳೆ ಬಂತು. ಅವರು ಅಲ್ಲೇ ಕೂತರು, ಗಂಟೆಗಟ್ಟಲೆ. ಸುತ್ತ 144ನೇ ಸೆಕ್ಷನ್ ಬಂತು. ಕೊನೆಗೆ ಪೊಲೀಸರೇ ಕರೆದುಕೊಂಡು ಹೋದರು. ಒಂದು ಸರ್ಕಾರದ ಮಂತ್ರಿ ಗೇಟಿನ ಹೊರಗೆ, ಅದೇ ಸರ್ಕಾರದ ಶಾಸಕರು ಗೇಟಿನ ಒಳಗೆ, ನಡುವೆ ಬೇರೆ ರಾಜ್ಯದ ಪೊಲೀಸರು. ನಾವು ಮನೆಯಲ್ಲಿ ಕಾಫಿ ಆರುವವರೆಗೂ ಟೀವಿ ನೋಡಿದೆವು.

ಅದೇ ತಿಂಗಳು ಚಂಡೀಗಢದ ಐಷಾರಾಮಿ ಹೋಟೆಲೊಂದು ನಟ ರಾಹುಲ್ ಬೋಸ್‌ಗೆ ಎರಡು ಬಾಳೆಹಣ್ಣಿಗೆ 442 ರೂಪಾಯಿ 50 ಪೈಸೆ ಬಿಲ್ ಕೊಟ್ಟಿತು, ನೆನಪಿದೆಯಾ? ಹಣ್ಣಿಗೆ ಇಲ್ಲದ ತೆರಿಗೆ ಹಾಕಿದ್ದಕ್ಕೆ ಹೋಟೆಲಿಗೆ 25,000 ದಂಡ ಬಿತ್ತು. ಎರಡು ಬಾಳೆಹಣ್ಣಿನ ಲೆಕ್ಕ ಕೇಳಲು ಈ ದೇಶದಲ್ಲಿ ಒಂದು ಇಲಾಖೆ ಇದೆ. ಪವಾಯಿಯ ರೂಮುಗಳ ಬಿಲ್ ಕಟ್ಟಿದವರು ಯಾರು ಅಂತ ಕೇಳಲು ಯಾವುದಿದೆ?

ಹೋಟೆಲ್ ಅಂದ ಕೂಡಲೇ ನನಗೆ ದೊಡ್ಡಪ್ಪ ನೆನಪಾಗುತ್ತಾರೆ. ಕನ್ನಡದಲ್ಲಿ ಹೋಟೆಲ್ ಅಂದರೆ ತಿನ್ನುವ ಜಾಗ. ಮಲಗುವುದಕ್ಕೆ ಲಾಡ್ಜ್ ಅನ್ನುವ ಬೇರೆ ಶಬ್ದವೇ ಇದೆ. ಕುಂದಾಪುರದ ಕಡೆಯ ದೊಡ್ಡಪ್ಪನಿಗೆ ಮಾತ್ರ ಎರಡೂ ಒಂದೇ. ಹದಿಮೂರನೇ ವಯಸ್ಸಿಗೆ ಬೊಂಬಾಯಿಗೆ ಓಡಿಹೋಗಿ ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಕಪ್ಪು ತೊಳೆಯುವ ಕೆಲಸಕ್ಕೆ ಸೇರಿದರು. ರಾತ್ರಿ ಶಟರ್ ಎಳೆದ ಮೇಲೆ ಎರಡು ಟೇಬಲ್ ಜೋಡಿಸಿದರೆ ಅದೇ ಮಂಚ. ಒದ್ದೆ ಬಟ್ಟೆಯಲ್ಲಿ ಒರೆಸಿದ ಟೇಬಲ್ಲು ಬೆನ್ನಿಗೆ ತಣ್ಣಗೆ ತಾಗುತ್ತಿತ್ತಂತೆ, ಸಾಂಬಾರಿನ ವಾಸನೆ ಮಾತ್ರ ಹೋಗುತ್ತಿರಲಿಲ್ಲವಂತೆ. ಮಲಗುವ ಮೊದಲು ಕನ್ನಡ ರಾತ್ರಿ ಶಾಲೆ. ಇಂಥ ಹುಡುಗರು ಸಾವಿರಾರು. ಮಾಟುಂಗಾ ಸ್ಟೇಷನ್ ಹತ್ತಿರ ರಾಮ ನಾಯಕರು 1942ರಲ್ಲಿ ಶುರು ಮಾಡಿದ ಊಟದ ಮನೆಗೆ ಇವತ್ತೂ ಜನ ಸಾಲು ನಿಲ್ಲುತ್ತಾರೆ. "ನಾನೂ ಮುಂಬೈ ಹೋಟೆಲಲ್ಲೇ ಮಲಗಿದ್ದು ಮಾರಾಯ, ನನ್ನನ್ನು ಯಾರೂ ಟೀವಿಯಲ್ಲಿ ತೋರಿಸ್ಲಿಲ್ಲ" ಅಂತ ದೊಡ್ಡಪ್ಪ 2019ರಲ್ಲಿ ನಗುತ್ತಿದ್ದರು. ಅವರ ರಾಜೀನಾಮೆಗೆ ಯಾವ ಸರ್ಕಾರವೂ ಬೀಳುತ್ತಿರಲಿಲ್ಲ, ಅದೇ ತೊಂದರೆ.

ಪಕ್ಷಾಂತರ ತಡೆಯಲು 1985ರಲ್ಲಿ ಕಾನೂನು ತಂದರು. ಮೂರನೇ ಒಂದು ಭಾಗ ಶಾಸಕರು ಒಡೆದು ಹೋದರೆ ತಪ್ಪಿಲ್ಲ ಅಂತಿತ್ತು. 2003ರಲ್ಲಿ ಅದನ್ನು ತೆಗೆದರು. ಈಗ ಮೂರನೇ ಎರಡು ಭಾಗ ಬೇಕು. ಪಕ್ಷಾಂತರ ನಿಂತಿತಾ? ಇಲ್ಲ, ಬುಕ್ ಮಾಡುವ ರೂಮು ಜಾಸ್ತಿಯಾಯಿತು. 2022ರಲ್ಲಿ ಏಕನಾಥ ಶಿಂಧೆಯವರಿಗೆ ಶಿವಸೇನೆಯ 55ರಲ್ಲಿ 37 ಜನ ಬೇಕಿತ್ತು. ಜೊತೆಗೆ ಬಂದವರನ್ನು ಮೊದಲು ಸೂರತ್, ಆಮೇಲೆ ಗುವಾಹಟಿ ಅಂತ ತಿರುಗಿಸಿದರು. ಅಲ್ಲಿಂದಲೇ ಹುಟ್ಟಿದ್ದು ಭಾರತದ ಅತ್ಯುತ್ತಮ ಹೋಟೆಲ್ ರಿವ್ಯೂ. ನಮ್ಮ ವಿಜಯಪುರದಿಂದ ದೂರವೇನಿಲ್ಲದ ಸಾಂಗೋಲೆಯ ಶಾಸಕ ಶಹಾಜಿ ಪಾಟೀಲರು ಊರಿನ ಕಾರ್ಯಕರ್ತನಿಗೆ ಫೋನಿನಲ್ಲಿ ಹೇಳಿದ್ದು: ಏನ್ ಗಿಡ, ಏನ್ ಗುಡ್ಡ, ಏನ್ ಹಾಟೇಲು, ಎಲ್ಲಾ ಓಕೆ! ಮೂರು ಸಂಜೆ ಆ್ಯಪಿನಲ್ಲಿ ಓದಿದ ಯಾವ ರಿವ್ಯೂವಿಗೂ ಈ ತೂಕ ಇಲ್ಲ.

ಅವರು ಗಿಡ ಗುಡ್ಡ ನೋಡುತ್ತಿದ್ದ ಆ ಜೂನ್ ತಿಂಗಳಲ್ಲಿ ಅಸ್ಸಾಮಿನ ಸಿಲ್ಚಾರ್ ಊರಿಗೆ ಊರೇ ನೀರಿನಲ್ಲಿತ್ತು. 2017ರಲ್ಲಿ ಗುಜರಾತಿನವರು ಬಿಡದಿಗೆ ಬಂದಾಗ ಅವರ ಬನಾಸಕಾಂಠಾ ಜಿಲ್ಲೆ ಮುಳುಗಿತ್ತು. ನಮ್ಮದೂ ಕೇಳಿ. 2019ರ ಜುಲೈ 23ರಂದು 99ಕ್ಕೆ 105 ಅಂತ ಸರ್ಕಾರ ಬಿತ್ತು. 26ರಂದು ಯಡಿಯೂರಪ್ಪನವರ ಪ್ರಮಾಣವಚನ. ಆಗಸ್ಟ್ 20ರವರೆಗೆ ಅವರೊಬ್ಬರೇ, ಒಬ್ಬ ಮಂತ್ರಿ ಇಲ್ಲ. ನಡುವೆ ಕೃಷ್ಣೆ ಬಂತು, ಮಲಪ್ರಭೆ ಬಂತು. ಗೋಕಾಕದಲ್ಲಿ ಘಟಪ್ರಭೆ ಊರೊಳಗೇ ಬಂತು. ಮುಂಬೈಗೆ ಹೋದ ತಂಡದ ಮುಂದಾಳು ಯಾವ ಊರಿನ ಶಾಸಕರು ಅಂತ ನಾನು ಹೇಳಬೇಕಾಗಿಲ್ಲ. ಜನ ಗಂಜಿ ಕೇಂದ್ರದಲ್ಲಿ, ಶಾಲೆಯ ನೆಲದ ಮೇಲೆ ಚಾಪೆ ಹಾಕಿ, ಕೂಸುಗಳನ್ನು ಮಡಿಲಿಗೆ ಹಾಕಿಕೊಂಡು ಕೂತಿದ್ದರು. ಆ ಕಡೆ ಲೇಕ್ ವ್ಯೂ, ಈ ಕಡೆ ಮನೆಯೇ ಲೇಕು. ಇದರಲ್ಲಿ ತಮಾಷೆ ಮಾಡುವುದಕ್ಕೆ ನನಗೆ ಏನೂ ಸಿಗುತ್ತಿಲ್ಲ. ನಾಚಿಕೆ ಅನ್ನುವ ಪದ ಬರೆದೂ ಬರೆದೂ ಸವೆದಿದೆ. ಡಿಸೆಂಬರಿನಲ್ಲಿ 15 ಕ್ಷೇತ್ರಕ್ಕೆ ಉಪಚುನಾವಣೆ ಆಯಿತು. ಹೋಟೆಲಿನಲ್ಲಿ ಇದ್ದು ಬಂದವರಲ್ಲಿ ಹೆಚ್ಚಿನವರು ಗೆದ್ದು ಬಂದರು. ಬೆರಳಿಗೆ ಇಂಕು ಹಾಕಿಸಿಕೊಂಡು ಬಂದವರು ನಾವೇ, ಇನ್ನು ಯಾರಿಗೆ ಬೈಯುವುದು?

ಹೋಗಲಿ ಬಿಡಿ. ಭಾವಮೈದುನನಿಗೆ ಇದನ್ನೆಲ್ಲ ಹೇಳಿದೆ. ಅವನಿಗೆ ನನ್ನ ಮೇಲಿದ್ದ ನಂಬಿಕೆ ಹೋಯಿತು. ನಿನ್ನೆ ರಾತ್ರಿ ಅವನೇ ಒಂದು ಹೋಟೆಲ್ ಬುಕ್ ಮಾಡಿ ಸ್ಕ್ರೀನ್‌ಶಾಟ್ ಕಳಿಸಿದ. ಪವಾಯಿ. ಲೇಕ್ ವ್ಯೂ. ಹಸಿರು ಬಣ್ಣದಲ್ಲಿ 'ಕನ್‌ಫರ್ಮ್ಡ್' ಅಂತ ಇದೆ. ಜುಲೈ ತಿಂಗಳು.

"ಕನ್‌ಫರ್ಮ್ ಆಗಿದೆ ತಾನೆ, ಇನ್ನೇನೂ ತೊಂದ್ರೆ ಇಲ್ವಲ್ಲ?" ಅಂತ ಕೇಳಿದ.

"ಕೊಡೆ ಇಟ್ಕೊ" ಅಂತ ಬರೆದೆ.