ಸತ್ಯಾಂಶ: ‘5:1’ ಅಂದರೆ ಐದು ಟನ್ ತುಂಬಬಹುದು ಎಂದಲ್ಲ

ಕಾಸರಗೋಡು, ಬದಿಯಡ್ಕ ಕಡೆಯ ಅಡಿಕೆ, ಗೇರುಬೀಜ ವ್ಯಾಪಾರಿಗಳ ನಡುವೆ ಒಂದು ಫಾರ್ವರ್ಡ್ ಸುತ್ತುತ್ತಿದೆ: ‘ವಿದೇಶದ ಜಂಬೋ ಬ್ಯಾಗ್ (ಕ್ರೇನಿನಲ್ಲಿ ಎತ್ತುವ ದೊಡ್ಡ ಚೀಲ) ಮೇಲೆ 5:1 ಎಂದಿದ್ದರೆ ಒಂದು ಟನ್ನಿನ ಚೀಲಕ್ಕೆ ಐದು ಟನ್ ಹಾಕಬಹುದು.’ ಇದು ತಪ್ಪು, ಅಪಾಯವೂ ಹೌದು.

ಚೀಲಕ್ಕೆ ಹೊಲಿದ ಲೇಬಲ್ ನೋಡಿ. ಎಸ್‌ಡಬ್ಲ್ಯುಎಲ್ (ಸುರಕ್ಷಿತವಾಗಿ ಹೊರಬಹುದಾದ ಭಾರ) 1000 ಕೆ.ಜಿ. ಎಂದಿದ್ದರೆ ಮಿತಿ ಅಷ್ಟೇ. 5:1 ಎಂಬುದು ಲ್ಯಾಬಿನಲ್ಲಿ ಹೊಸ ಚೀಲವನ್ನು ಎಳೆದು ನೋಡಿದ ಲೆಕ್ಕ. ಐಎಸ್‌ಒ 21898 (ಈ ಚೀಲಗಳ ಅಂತರರಾಷ್ಟ್ರೀಯ ಮಾನದಂಡ) ಪ್ರಕಾರ ಮೊದಲು ಆ ಮಿತಿಯ ಎರಡು ಪಟ್ಟು ಭಾರದಲ್ಲಿ 30 ಸಲ ಎಳೆಯುತ್ತಾರೆ. ಆಮೇಲೆ ಅದೇ ಚೀಲ ಐದು ಪಟ್ಟು ಭಾರ ತಡೆಯಬೇಕು. ಕ್ರೇನಿನ ಜಗ್ಗಾಟ, ಬಿಸಿಲು, ಸವೆತ ತಡೆಯಲೆಂದು ಇಟ್ಟ ಹೆಚ್ಚುವರಿ ಬಲ ಅದು, ಬಾಡಿಗೆ ಉಳಿಸೋಕಲ್ಲ.

ಇನ್ನೊಂದು, 5:1 ಚೀಲ ಒಂದೇ ಸಲದ ಬಳಕೆಗೆ. ಮತ್ತೆ ಮತ್ತೆ ಬಳಸುವುದಾದರೆ 6:1 ಅಥವಾ 8:1 ಕೇಳಿ. ಈ ಚೀಲದ ಪ್ಲಾಸ್ಟಿಕ್, ಅಂದರೆ ಪಾಲಿಪ್ರೊಪಿಲೀನ್, ಬಿಸಿಲಿಗೆ ಸೋಲುತ್ತದೆ. ಅಂಗಳದಲ್ಲಿ ಬಿದ್ದಿದ್ದ ಚೀಲದ ಹಿಡಿಯನ್ನು ಉಗುರಲ್ಲಿ ಕೆರೆದರೆ ಪುಡಿ ಉದುರುತ್ತದೆ ಅಲ್ವಾ, ಅಂಥದ್ದನ್ನು ಎತ್ತಲೇಬಾರದು.

‘ಐಎಸ್‌ಒ 9001 ಇದೆ, ಸಾಕು’ ಎಂದೂ ಮಾರುವವರು ಹೇಳುತ್ತಾರೆ. ಅದು ಕಾರ್ಖಾನೆಯ ಕೆಲಸದ ಕ್ರಮಕ್ಕೆ ಸಿಕ್ಕ ಪತ್ರ, ನಿಮ್ಮ ಚೀಲಕ್ಕಲ್ಲ. ಚೀಲದ್ದೇ ಪರೀಕ್ಷಾ ವರದಿ ಕೇಳಿ. ಅದರಲ್ಲಿರುವ ಅಳತೆ, ಬಟ್ಟೆಯ ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ), ಹಿಡಿಯ ವಿನ್ಯಾಸ ನಿಮ್ಮ ಆರ್ಡರಿಗೆ ತಾಳೆಯಾಗಬೇಕು. ತಿನ್ನುವ ಸರಕಾದರೆ ಫುಡ್ ಗ್ರೇಡ್ (ಆಹಾರ ತುಂಬಲು ಯೋಗ್ಯ ಎಂಬ) ಪತ್ರ ಬೇರೆಯೇ ಬೇಕು. ಅಂದಹಾಗೆ, ಈ ಚೀಲಗಳನ್ನು ಹೊರಗೆ ಕಳಿಸುವ ದೊಡ್ಡ ದೇಶಗಳಲ್ಲಿ ನಮ್ಮದೂ ಒಂದು. ಇಲ್ಲಿನ ದರವನ್ನೂ ಒಮ್ಮೆ ಕೇಳಿ ನೋಡಿ.

ಮಾರುವವರಿಗೆ ಹಣ ಕಳಿಸುವ ಮುಂಚೆ ‘ಖಾತೆ ಬದಲಾಗಿದೆ’ ಎಂಬ ಇಮೇಲ್ ಬಂದರೆ ಸುಮ್ನೆ ನಂಬಬೇಡಿ. ಮೊದಲಿನಿಂದ ನಿಮ್ಮ ಬಳಿ ಇರುವ ನಂಬರಿಗೇ ಫೋನ್ ಮಾಡಿ ವಿಚಾರಿಸಿ.