32 ಜಾಲತಾಣ, 41 ಸೂಪರ್ ಅಡ್ಮಿನ್

ಸರ್ಕಾರಿ ಕಚೇರಿಗೆ ಒಂದು ಗೋಂದಿನ ಬಾಟಲಿ ಬೇಕೆಂದರೆ ದ್ವಿತೀಯ ದರ್ಜೆ ಸಹಾಯಕರು ಇಂಡೆಂಟ್ ಬರೆಯಬೇಕು, ಪ್ರಥಮ ದರ್ಜೆ ಸಹಾಯಕರು ಟಿಪ್ಪಣಿ ಹಾಕಬೇಕು, ಅಧೀಕ್ಷಕರು 'ಪರಿಶೀಲಿಸಿ ಸಲ್ಲಿಸಿದೆ' ಎನ್ನಬೇಕು, ಆಮೇಲೆ ಸಾಹೇಬರು ಹಸಿರು ಶಾಯಿಯಲ್ಲಿ ಸಹಿ ಮಾಡಬೇಕು. ಬಾಟಲಿ ಬರುವಷ್ಟರಲ್ಲಿ ಅಂಟಿಸಬೇಕಿದ್ದ ಕಾಗದಕ್ಕೆ ಗೆದ್ದಲು ಹತ್ತಿರುತ್ತದೆ. ಅದೇ ಕಚೇರಿಯ ಮೂಲೆಯಲ್ಲಿ, ಕಾಲು ಮುರಿದ ಮೇಜಿನ ಮುಂದೆ ಕೂತಿರುವ ಹೊರಗುತ್ತಿಗೆಯ ಡಾಟಾ ಎಂಟ್ರಿ ಹುಡುಗ ಮಾತ್ರ ಜಿಲ್ಲೆಯೊಂದರ ಜಾಲತಾಣವನ್ನೇ ಎರಡು ಕ್ಲಿಕ್ಕಿನಲ್ಲಿ ಅಳಿಸಬಲ್ಲ. ಒಂದು 'ಡಿಲೀಟ್', ಇನ್ನೊಂದು 'ಖಚಿತವೇ?' ಎಂಬ ಪ್ರಶ್ನೆಗೆ ಹೂಂಗುಟ್ಟುವುದು. ಟಿಪ್ಪಣಿಯಿಲ್ಲ, ಹಸಿರು ಶಾಯಿಯಿಲ್ಲ. ಮುಖ್ಯ ತಾಣವನ್ನು ಮಾತ್ರ ಅಳಿಸಲು ತಂತ್ರಾಂಶವೇ ಬಿಡುವುದಿಲ್ಲ. ಹಾಗಾಗಿ ಮುಖಪುಟದಲ್ಲಿ ನಗುತ್ತಿರುವ ಮಂತ್ರಿಗಳ ಫೋಟೋಗೆ ಅಪಾಯವಿಲ್ಲ.

ಇಲಾಖೆಯ ಹೆಸರು ಬೇಡ, ನಿಮಗೆ ಇಷ್ಟವಾದದ್ದನ್ನು ಊಹಿಸಿಕೊಳ್ಳಿ. ಬೆಂಗಳೂರಿನ ಮುಖ್ಯ ತಾಣ ಒಂದು, ಜಿಲ್ಲೆಗೊಂದರಂತೆ 31, ಒಟ್ಟು 32. ಎಲ್ಲವೂ ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ಸಿನ ಒಂದೇ ಮಲ್ಟಿಸೈಟ್‌ನಲ್ಲಿ, ಅಂದರೆ ಹಲವು ತಾಣಗಳನ್ನು ಒಟ್ಟಿಗೆ ನಡೆಸುವ ಜಾಲದಲ್ಲಿ. 2010ರ 3.0 ಆವೃತ್ತಿಯಿಂದ ಈ ಸೌಲಭ್ಯ ವರ್ಡ್‌ಪ್ರೆಸ್ಸಿನೊಳಗೇ ಇದೆ: ತಂತ್ರಾಂಶ ಒಂದು, ಬಳಕೆದಾರರ ಪಟ್ಟಿ ಒಂದು, ಆದರೆ ಯಾವ ತಾಣದಲ್ಲಿ ಯಾರಿಗೆ ಯಾವ ಪಾತ್ರ ಎಂಬುದು ತಾಣಕ್ಕೆ ತಾಣಕ್ಕೆ ಬೇರೆ. ಪಾತ್ರಗಳು ಐದು. ಸಬ್‌ಸ್ಕ್ರೈಬರ್ ಓದುತ್ತಾನೆ. ಕಾಂಟ್ರಿಬ್ಯೂಟರ್ ಕರಡು ಬರೆಯುತ್ತಾನೆ, ಪ್ರಕಟಿಸಲಾರ, ಫೋಟೋ ಕೂಡ ಏರಿಸಲಾರ. ಆಥರ್ ತನ್ನ ಬರಹವನ್ನು ತಾನೇ ಪ್ರಕಟಿಸುತ್ತಾನೆ. ಎಡಿಟರ್ ಎಲ್ಲರದನ್ನೂ ತಿದ್ದುತ್ತಾನೆ. ಅಡ್ಮಿನಿಸ್ಟ್ರೇಟರ್ ಆ ಒಂದು ತಾಣದ ಯಜಮಾನ. ಇವರೆಲ್ಲರ ತಲೆಯ ಮೇಲೆ, ಇಡೀ ಜಾಲಕ್ಕೆ, ಸೂಪರ್ ಅಡ್ಮಿನ್. ಗುಮಾಸ್ತ, ಅಧೀಕ್ಷಕ, ಸಹಾಯಕ ನಿರ್ದೇಶಕ ಎಂಬ ಏಣಿಯನ್ನು ನೋಡಿಯೇ ಬರೆದಂತಿದೆ. ನಮ್ಮ ಕಚೇರಿಗಳಿಗೆ ಇದಕ್ಕಿಂತ ಪರಿಚಿತವಾದ ವ್ಯವಸ್ಥೆ ಇನ್ನೊಂದಿರಲಾರದು. ಆದರೂ ಜನಗಣತಿ ಮಾಡಿದರೆ ಕಾಂಟ್ರಿಬ್ಯೂಟರ್ ಸೊನ್ನೆ, ಎಡಿಟರ್ ಇಬ್ಬರು, ಸೂಪರ್ ಅಡ್ಮಿನ್ 41. ಎಲ್ಲರೂ ಪಲ್ಲಕ್ಕಿಯಲ್ಲಿ ಕೂತಿದ್ದಾರೆ, ಹೊರುವವನು ಆ ಹೊರಗುತ್ತಿಗೆ ಹುಡುಗ. ಅವನೂ ಸೂಪರ್ ಅಡ್ಮಿನ್ನೇ.

ಇವರೆಲ್ಲ ಒಂದೇ ದಿನ ಹುಟ್ಟಿದವರಲ್ಲ. ಒಬ್ಬೊಬ್ಬರ ಜನ್ಮಕ್ಕೂ ಒಂದೊಂದು ಕಾರಣವಿದೆ, ಮತ್ತು ಅಷ್ಟೂ ಕಾರಣಗಳಿಗೆ ಬೇರೆ ಮದ್ದಿತ್ತು.

ಗದಗಿನ ಅಡ್ಮಿನಿಸ್ಟ್ರೇಟರ್ ತಮ್ಮ ತಾಣಕ್ಕೆ ಹೊಸ ಸಿಬ್ಬಂದಿಯನ್ನು ಸೇರಿಸಲು ಹೋಗುತ್ತಾರೆ. ಹೊಸಬರನ್ನು ಸೇರಿಸುವ ಗುಂಡಿಯೇ ಕಾಣುವುದಿಲ್ಲ. ಮಲ್ಟಿಸೈಟ್‌ನಲ್ಲಿ ತಾಣದ ಅಡ್ಮಿನ್‌ಗಳಿಗೆ ಆ ಅಧಿಕಾರ ಮೊದಲಿಗೆ ಇರುವುದಿಲ್ಲ. ಜಾಲದ ಸೆಟ್ಟಿಂಗ್ಸ್‌ನಲ್ಲಿ ಒಂದು ಟಿಕ್ ಹಾಕಿದರೆ 31 ಜಿಲ್ಲೆಗಳಿಗೂ ಬರುತ್ತದೆ. ಕೇಂದ್ರ ಕಚೇರಿ ಟಿಕ್ ಹಾಕಲಿಲ್ಲ, ಗದಗಿನವರನ್ನೇ ಸೂಪರ್ ಅಡ್ಮಿನ್ ಮಾಡಿತು. ಬಾಗಿಲಿನ ಚಿಲಕ ಬಿಗಿಯಾಗಿದೆ ಎಂದು ದೂರಿದವರಿಗೆ ಊರಿನ ಎಲ್ಲ ಮನೆಗಳ ಬೀಗದ ಕೈ ಕೊಟ್ಟ ಹಾಗೆ.

ಆಮೇಲೆ ಕೊಪ್ಪಳದವರು. ಕಚೇರಿಗೆ ಬರುವ ದಾರಿ ತೋರಿಸಲು ಗೂಗಲ್ ನಕ್ಷೆಯ ಐಫ್ರೇಮ್ (ಬೇರೆ ತಾಣದ ತುಣುಕನ್ನು ಪುಟದೊಳಗೆ ತೋರಿಸುವ ಕೋಡ್) ಅಂಟಿಸಿದರು, ಸೇವ್ ಒತ್ತಿದರು, ನಕ್ಷೆ ಮಾಯ. ಮತ್ತೆ ಅಂಟಿಸಿದರು, ಮತ್ತೆ ಮಾಯ. ಮೂರನೆಯ ಸಲ ಹೊಸ ಕಂಪ್ಯೂಟರಿಗೆ ಬೇಡಿಕೆ ಹೋಯಿತು. ವಿಷಯ ಇಷ್ಟೇ: ಮಲ್ಟಿಸೈಟ್‌ನಲ್ಲಿ ಸೋಸದ ಎಚ್‌ಟಿಎಂಎಲ್ ಹಾಕುವ ಹಕ್ಕು ಸೂಪರ್ ಅಡ್ಮಿನ್‌ಗೆ ಮಾತ್ರ. ಉಳಿದವರು ಹಾಕಿದ ಐಫ್ರೇಮ್, ಸ್ಕ್ರಿಪ್ಟುಗಳನ್ನು ಸೇವ್ ಮಾಡುವಾಗಲೇ ತಂತ್ರಾಂಶ ಕಿತ್ತು ಬಿಸಾಡುತ್ತದೆ, ಯಾಕೆ ಎಂದು ಒಂದು ಮಾತೂ ಹೇಳುವುದಿಲ್ಲ. ಒಂದು ತಾಣದ ಪಾಸ್‌ವರ್ಡ್ ಕದ್ದವನು ಅಲ್ಲಿ ಸ್ಕ್ರಿಪ್ಟ್ ನೆಟ್ಟು, ಆ ಪುಟ ತೆರೆದ ಸೂಪರ್ ಅಡ್ಮಿನ್‌ನ ಹೆಗಲೇರಿ ಇಡೀ ಜಾಲ ಹಿಡಿಯಬಾರದೆಂದು ಈ ಜರಡಿ. ಯೂಟ್ಯೂಬ್ ವಿಡಿಯೋಗಾದರೆ ಐಫ್ರೇಮ್ ಬೇಕಾಗಿಯೇ ಇಲ್ಲ, ವಿಳಾಸವನ್ನು ಒಂದು ಸಾಲಿನಲ್ಲಿ ಒಂಟಿಯಾಗಿ ಬಿಟ್ಟರೆ ವಿಡಿಯೋ ತಾನೇ ಕೂರುತ್ತದೆ. ನಕ್ಷೆಗೆ ಒಂದು ಶಾರ್ಟ್‌ಕೋಡ್ (ಪುಟದಲ್ಲಿ ಬರೆದರೆ ನಕ್ಷೆಯಾಗಿ ಮೂಡುವ ಚುಟುಕು ಸಂಕೇತ) ಬರೆಸಿದರೆ 32 ತಾಣಕ್ಕೂ ಸಾಕು. ಶಾರ್ಟ್‌ಕೋಡ್ ಬರೆಸಲು ಕಡತ ತೆರೆಯಬೇಕಲ್ಲ! ಕೊಪ್ಪಳವೂ ಸೂಪರ್.

ಮೂರನೆಯದು ಟೆಂಡರ್ ಪಿಡಿಎಫ್. ಅರವತ್ತು ಪುಟವನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿ 12 ಎಂಬಿ ಆದದ್ದನ್ನು ಏರಿಸಹೊರಟರೆ 'ಕಡತ ದೊಡ್ಡದಾಯಿತು' ಎನ್ನುತ್ತದೆ. ಮಲ್ಟಿಸೈಟ್ ತಾನಾಗಿ ಇಟ್ಟುಕೊಳ್ಳುವ ಗರಿಷ್ಠ ಮಿತಿ 1500 ಕೆಬಿ. ವಾಡಿಕೆಯಂತೆ ಆ ಅಧಿಕಾರಿಯನ್ನೂ ಸೂಪರ್ ಅಡ್ಮಿನ್ ಮಾಡಲಾಯಿತು. ಕಡತ ಆಗಲೂ ಏರಲಿಲ್ಲ. ಈ ಮಿತಿ ಎಲ್ಲರಿಗೂ ಒಂದೇ; ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ. ಆದರೆ ಈಗ ಅವರು ಸೂಪರ್ ತಾನೇ? ಸೆಟ್ಟಿಂಗ್ಸ್ ಒಳಗೆ ಕೈಹಾಕಿ 1500 ಇದ್ದಲ್ಲಿ ಇನ್ನೆರಡು ಸೊನ್ನೆ ಸೇರಿಸಿದರು. ಟೆಂಡರ್ ಏರಿತು. ಹಿಂದೆಯೇ ಮೊಮ್ಮಗಳ ನಾಮಕರಣದ ವಿಡಿಯೋವೂ ಏರಿತು.

ಹೊಸ ಪಾತ್ರಗಳ ಕಥೆ ಕೇಳಲೇಬೇಡಿ. 'ಟೆಂಡರ್ ಶಾಖೆ' ಎಂಬ ಪಾತ್ರವೊಂದನ್ನು ಯಾರೋ ಬುದ್ಧಿವಂತರು ಪ್ಲಗಿನ್ ಎಂಬ ಜೋಡಣೆ ತಂತ್ರಾಂಶ ಹಾಕಿ ಸೃಷ್ಟಿಸಿದರು. ಒಳ್ಳೆಯದೇ. ಸುತ್ತೋಲೆಯೂ ಹೊರಟಿತು: 'ಎಲ್ಲ ಜಿಲ್ಲೆಗಳೂ ತಕ್ಷಣದಿಂದ ಈ ಪಾತ್ರವನ್ನೇ ಬಳಸತಕ್ಕದ್ದು.' ಬೀದರ್‌ನವರು ಹುಡುಕಿದರು, ಇಲ್ಲ. ಚಾಮರಾಜನಗರದವರು ಹುಡುಕಿದರು, ಇಲ್ಲ. ವರ್ಡ್‌ಪ್ರೆಸ್ ಪಾತ್ರಗಳ ಪಟ್ಟಿಯನ್ನು ಪ್ರತಿ ತಾಣದ ಆಪ್ಷನ್ಸ್ ಟೇಬಲ್‌ನಲ್ಲಿ ಪ್ರತ್ಯೇಕವಾಗಿ ಇಡುತ್ತದೆ. 17ನೇ ತಾಣದ ಪಟ್ಟಿ 17ರದ್ದೇ, ಮುಖ್ಯ ತಾಣದಲ್ಲಿ ಹುಟ್ಟಿದ ಪಾತ್ರ ಅಲ್ಲಿಯೇ ಬಾಣಂತನ ಮುಗಿಸುತ್ತದೆ. ಎಲ್ಲೆಡೆ ಬೇಕಿದ್ದರೆ, ಇಡೀ ಜಾಲಕ್ಕೆ ತಾನಾಗಿ ಅನ್ವಯಿಸುವ ಎಂಯು-ಪ್ಲಗಿನ್ಸ್ ಫೋಲ್ಡರಿನಲ್ಲಿ ಒಂದು ಸಣ್ಣ ಕಡತ ಇಟ್ಟು, ಪ್ರತಿ ತಾಣದಲ್ಲೂ ಪಾತ್ರ ತಾನೇ ಮೂಡುವಂತೆ ಮಾಡಬೇಕು. ನಡೆದದ್ದು ಬೇರೆ: 'ಪಾತ್ರ ಲಭ್ಯವಿರುವುದಿಲ್ಲ' ಎಂದು 31 ಜಿಲ್ಲೆಗಳಿಂದ ಅನುಪಾಲನಾ ವರದಿ ಬಂತು, ಅಷ್ಟನ್ನೂ ಕ್ರೋಡೀಕರಿಸಲು ಒಬ್ಬರನ್ನು ನಿಯೋಜಿಸಲಾಯಿತು.

ಇಂಥದೇ ಇನ್ನೊಂದು ತಂತ್ರಾಂಶವಾದ ಜೂಮ್ಲಾಗೆ ಹೋಗಿದ್ದರೆ ಉದ್ಧಾರವಾಗುತ್ತಿತ್ತೇ ಎಂದರೆ, ಅಲ್ಲಿ ಗುಂಪುಗಳಿವೆ, ಗುಂಪಿನೊಳಗೆ ಗುಂಪುಗಳೂ ಇವೆ. ಆದರೆ ಮೇಲಿನ ಗುಂಪಿಗೆ ಒಮ್ಮೆ 'ನಿರಾಕರಿಸು' ಎಂದು ಒತ್ತಿದರೆ ಕೆಳಗಿನ ಗುಂಪಿನಲ್ಲಿ ಎಷ್ಟು ಸಲ 'ಅನುಮತಿಸು' ಎಂದರೂ ನಡೆಯದು. ಒಬ್ಬರನ್ನು ಎರಡು ಗುಂಪಿಗೆ ಹಾಕಿದರೂ ನಿರಾಕರಣೆಯದೇ ಗೆಲುವು. ಹಣಕಾಸು ಇಲಾಖೆಯ ಅಭಿಪ್ರಾಯ ಕೇಳಿ ಗೊತ್ತಿದ್ದವರಿಗೆ ಇದು ಕಷ್ಟವಾಗಲಿಕ್ಕಿಲ್ಲ.

ಅಧಿಕಾರ ಕೊಡುವುದಾದರೂ ವಾಸಿ, ಕಿತ್ತುಕೊಳ್ಳುವಾಗ ನೋಡಬೇಕು. ವರ್ಗಾವಣೆಯಾದಾಗ ಪ್ರಭಾರ ಪಟ್ಟಿ ತಯಾರಾಗುತ್ತದೆ: ಕುರ್ಚಿ 4, ಅದರಲ್ಲಿ ಕೈ ಮುರಿದದ್ದು 2, ಸ್ಟೇಪ್ಲರ್ 1 (ಕೆಲಸ ಮಾಡುವುದಿಲ್ಲ), ಗೋಡೆ ಗಡಿಯಾರ 1 (ನಿಂತಿದೆ). ಕೊಟ್ಟವರ ಸಹಿ, ಪಡೆದವರ ಸಹಿ. ಲಾಗಿನ್‌ಗೆ ಆ ಪಟ್ಟಿಯಲ್ಲಿ ಕ್ರಮಸಂಖ್ಯೆಯಿಲ್ಲ. ಸಾಹೇಬರು ರಾಯಚೂರಿನಿಂದ ಮಂಗಳೂರಿಗೆ ಹೋಗುತ್ತಾರೆ, ಅವರ ರಾಯಚೂರಿನ ಅಧಿಕಾರ ರಾಯಚೂರಿನಲ್ಲೇ ಕೂತು ಅವರ ದಾರಿ ಕಾಯುತ್ತದೆ.

ಎಂದಾದರೊಂದು ದಿನ ಯಾರಿಗೋ ಶುಚಿತ್ವದ ಹುಮ್ಮಸ್ಸು ಬರುತ್ತದೆ. ಅದು ಇನ್ನೂ ಅಪಾಯ. ತಾಣದ ಬಳಕೆದಾರರ ಪಟ್ಟಿಯಲ್ಲಿ 'ರಿಮೂವ್' ಒತ್ತಿದರೆ ವ್ಯಕ್ತಿ ಆ ತಾಣದಿಂದ ಹೊರಬೀಳುತ್ತಾನೆ, ಅವನು ಹಾಕಿದ್ದು ಉಳಿಯುತ್ತದೆ. ಬೇಕಾದದ್ದು ಅದೇ. ಜಾಲದ ಪಟ್ಟಿಯಲ್ಲಿ 'ಡಿಲೀಟ್' ಒತ್ತಿದರೆ ಪ್ರತಿ ತಾಣಕ್ಕೂ ಒಂದು ಪ್ರಶ್ನೆ: ಇವರು ಹಾಕಿದ್ದನ್ನೆಲ್ಲ ಅಳಿಸಲೇ, ಬೇರೆಯವರ ಹೆಸರಿಗೆ ವರ್ಗಾಯಿಸಲೇ? ಮೊದಲನೆಯದು ಮೊದಲು ಕಾಣುತ್ತದೆ, ಊಟದ ಹೊತ್ತು ಬೇರೆ, ಒತ್ತಿದ್ದಾಯಿತು. ಪುಟಗಳು 30 ದಿನ ಕಸದ ಬುಟ್ಟಿಯಲ್ಲಿ ಉಸಿರು ಹಿಡಿದುಕೊಂಡಿರುತ್ತವೆ. ಪಿಡಿಎಫ್‌ಗಳಿಗೆ ಆ ಭಾಗ್ಯವೂ ಇಲ್ಲ, ಸರ್ವರಿನಿಂದಲೇ ಹೊರಟುಹೋಗುತ್ತವೆ. ಆರು ವರ್ಷದ ಸುತ್ತೋಲೆಗಳು ಸ್ವಾಹಾ. ನಾಗರಿಕರಿಗೆ ಅಂದಿನಿಂದ '404', ಅಂದರೆ ಪುಟ ಸಿಗಲಿಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳಿದರೆ 'ಜಾಲತಾಣದಲ್ಲಿ ಪ್ರಕಟಿಸಲಾಗಿದೆ, ನೋಡಿಕೊಳ್ಳುವುದು'.

ಯಾರು ಅಳಿಸಿದರು? ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ ಆದೇಶದಲ್ಲಿ 180 ದಿನದ ಲಾಗ್ (ಯಾರು ಏನು ಮಾಡಿದರೆಂಬ ದಾಖಲೆ) ಇಟ್ಟಿರಬೇಕು ಎಂದಿದೆ. ಇಟ್ಟಿದ್ದಾರೆ. ಲಾಗ್ ಸ್ಪಷ್ಟವಾಗಿ ಹೇಳುತ್ತದೆ: ಅಳಿಸಿದವರು 'ಅಡ್ಮಿನ್'. ಆ ಹೆಸರಿನಲ್ಲಿ ಒಂಬತ್ತು ಜನ ಒಳಬರುತ್ತಾರೆ, ಪಾಸ್‌ವರ್ಡ್ ಮಾನಿಟರಿನ ಅಂಚಿಗೆ ಅಂಟಿಸಿದೆ. (ಗೋಂದು ಆ ದಿನಕ್ಕೆ ಬಂದಿತ್ತು.) ಕೇಂದ್ರದ ಜಾಲತಾಣ ಮಾರ್ಗಸೂಚಿ ಪ್ರತಿ ಇಲಾಖೆಗೂ ಒಬ್ಬ ವೆಬ್ ಇನ್ಫರ್ಮೇಷನ್ ಮ್ಯಾನೇಜರ್ ಬೇಕೆನ್ನುತ್ತದೆ, ಯಾರು ಬರೆಯಬೇಕು, ಯಾರು ನೋಡಬೇಕು, ಯಾರು ಒಪ್ಪಬೇಕು ಎಂಬ ನೀತಿಯೂ ಇರಲಿ ಎನ್ನುತ್ತದೆ. ನೀತಿ ಇದೆ. ಅದನ್ನು ಪಿಡಿಎಫ್ ಮಾಡಿ ತಾಣದಲ್ಲೇ ಹಾಕಿದ್ದರು, ಅದೂ ಆ ಆರು ವರ್ಷದ ರಾಶಿಯಲ್ಲಿತ್ತು.

ಕೊನೆಗೆ ಸೂಪರ್ ಅಡ್ಮಿನ್‌ಗಳನ್ನು ಎರಡಕ್ಕೆ ಇಳಿಸುವುದೆಂದು ತೀರ್ಮಾನವಾಯಿತು. ಆ ಇಬ್ಬರ ಹೆಸರನ್ನು ಸರ್ವರಿನಲ್ಲಿರುವ ಡಬ್ಲ್ಯುಪಿ-ಕಾನ್ಫಿಗ್ ಎಂಬ ಸೆಟ್ಟಿಂಗ್ಸ್ ಕಡತದಲ್ಲೇ ಬರೆದುಬಿಟ್ಟರೆ ಸೂಪರ್ ಮಾಡುವ ಟಿಕ್ ಪೆಟ್ಟಿಗೆಯೇ ಪರದೆಯಿಂದ ಕಾಣೆಯಾಗುತ್ತದೆ, ಫೋನ್ ಮಾಡಿ ಒತ್ತಡ ತರುವವರಿಗೂ ನೆಮ್ಮದಿ. ಆದರೆ ಸರ್ವರ್ ಮುಟ್ಟಲು ಏಜೆನ್ಸಿಯವರು ಬರಬೇಕು, ಅವರ ಬಿಲ್ ಬಾಕಿಯಿದೆ. ಹಾಗಾಗಿ ಪರದೆಯಲ್ಲೇ ಒಬ್ಬೊಬ್ಬರ ಟಿಕ್ ತೆಗೆಯುತ್ತ ಹೋದರು. ಒಬ್ಬರ ಬಳಿ ಬಂದಾಗ ಪೆಟ್ಟಿಗೆಯೇ ಇಲ್ಲ. ಅದರ ಜಾಗದಲ್ಲಿ ಒಂದು ವಾಕ್ಯ: ಜಾಲದ ಅಡ್ಮಿನ್ ಇಮೇಲ್ ಇವರದೇ ಆದ್ದರಿಂದ ಇವರ ಅಧಿಕಾರ ತೆಗೆಯಲಾಗದು.

ಅವರೇ ಆ ಒಂಬತ್ತು ಜನರ 'ಅಡ್ಮಿನ್'. ಖಾತೆಗೆ ಕೊಟ್ಟಿದ್ದು ಹಿಂದಿನ ಸಾಹೇಬರೊಬ್ಬರ ಸ್ವಂತ ಜಿಮೇಲ್, ಅವರು ನಿವೃತ್ತರಾಗಿ ಮೂರು ವರ್ಷ, ಈಗ ನ್ಯೂಜೆರ್ಸಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಕಳೆದ ವರ್ಷ ಭದ್ರತಾ ಲೆಕ್ಕಪರಿಶೋಧನೆಯವರು ಹೇಳಿದರೆಂದು ಲಾಗಿನ್‌ಗೆ ಒಟಿಪಿಯನ್ನೂ ಸೇರಿಸಲಾಗಿದೆ, ಅದು ಹೋಗುವುದೂ ಆ ಜಿಮೇಲ್‌ಗೇ. ಬೆಂಗಳೂರಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಟೆಂಡರ್ ತಿದ್ದುಪಡಿ ಹಾಕಬೇಕು. ಅಲ್ಲಿ ಬೇಸಿಗೆಯ ರಾತ್ರಿ ಎರಡೂವರೆ. ಒಟಿಪಿಗೆ ಹತ್ತು ನಿಮಿಷ ಆಯುಸ್ಸು. ವಾಟ್ಸ್‌ಆ್ಯಪ್ ಕರೆ ಹೋಗುತ್ತಿದೆ, ಸಾಹೇಬರು ಕನ್ನಡಕ ಹುಡುಕುತ್ತಿದ್ದಾರೆ.