ಕವಡೆ ಇರಲಿ, ದಾಳ ಬೇಡ

ಕವಡೆ ಎಸೆದು ಕಾಯಿ ನಡೆಸುವ ಚೌಕಾಬಾರದ ಮನೆಗಳನ್ನು ಬಟ್ಟೆ ಹಾಸಿನ ಮೇಲೆ ಅಚ್ಚು ಹಾಕಿ, ಕವಡೆ ಬದಲು ಆರು ಮುಖದ ದಾಳ ಇಟ್ಟು ಮಾರುತ್ತಿರುವುದನ್ನು ನಿಮ್ಮ ಲೇಖನದಲ್ಲಿ ಹೊಗಳಿದ್ದೀರಿ. ಹಾಸು ಚೆನ್ನಾಗಿದೆ, ಮಡಚಿ ಬ್ಯಾಗಿಗೆ ಹಾಕ್ಕೋಬಹುದು. ನನ್ನ ತಕರಾರು ದಾಳದ ಬಗ್ಗೆ. ನಾಲ್ಕು ಕವಡೆ ಎಸೆದರೆ ಎರಡು (ಅಂದ್ರೆ ಎರಡು ಕವಡೆ ಬಾಯಿ ಮೇಲಾಗಿ) ಬೀಳೋದೇ ಜಾಸ್ತಿ, 16ಕ್ಕೆ ಹೆಚ್ಚುಕಮ್ಮಿ 6 ಸಲ. ಚೌಕ (ನಾಲ್ಕೂ ಬಾಯಿ ಮೇಲಾಗಿ), ಬಾರ (ನಾಲ್ಕೂ ಮಗುಚಿ) ಅಪರೂಪಕ್ಕೆ ಒಂದೊಂದು ಸಲ. ಅದಕ್ಕೇ ಅಲ್ವೇ ಬಾರ ಬಿದ್ದರೆ ಮನೆಯೆಲ್ಲ ಕಿರುಚೋದು! ದಾಳದಲ್ಲಿ ಎಲ್ಲವೂ ಸಮ, ಜೊತೆಗೆ ಐದು, ಆರು ಬೇರೆ. 25 ಮನೆಯ ಪುಟ್ಟ ಆಟಕ್ಕೆ ಅದು ಒಗ್ಗಲ್ಲ, ಲೂಡೋ ಆಗಿಬಿಡುತ್ತೆ.

ಕವಡೆ ಸಿಗಲ್ಲ ಅನ್ನೋದು ಬರೀ ನೆಪ. ಗುಬ್ಬಿ ಹತ್ತಿರದ ನಮ್ಮೂರಲ್ಲಿ ಕವಡೆ ಇದ್ದ ಮನೆಗಳೇ ಕಮ್ಮಿ. ನಮ್ಮಜ್ಜಿ ಹುಣಸೆ ಬೀಜ ತಗೊಂಡು ಜಗಲಿ ಕಲ್ಲಿಗೆ ಉಜ್ಜಿ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡೋರು. ಉಜ್ಜಿದ ಬೀಜ ಸುಡ್ತಿತ್ತು. ಅದನ್ನ ತಮ್ಮನ ತೋಳಿಗೆ ಇಟ್ಟು ಏಟು ತಿಂದಿದ್ದೂ ಉಂಟು. ಅದೇ ಕಲ್ಲಿನ ಮೇಲೆ ಇದ್ದಿಲಲ್ಲಿ ಮನೆ ಬರೆದು, ಬಳೆ ಚೂರು, ಕಡ್ಲೆಬೀಜ ಕಾಯಿ ಮಾಡ್ಕೊಂಡು ಕೂರೋದು. ಸೋಲ್ತಿದ್ದೀನಿ ಅಂತ ಗೊತ್ತಾದ ಕೂಡಲೇ ತಮ್ಮ ತನ್ನ ಕಾಯಿ ತಿಂದುಬಿಡ್ತಿದ್ದ.

ಇನ್ನೊಂದು ಮಾತು. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗೋ ಹಾಗಿಲ್ಲ ಅನ್ನೋ ನಿಯಮ ನಮ್ಮ ಕಡೆ ಕಟ್ಟುನಿಟ್ಟು. ಅದನ್ನ ಬಿಟ್ಟರೆ ಜಗಳವೇ ಇರಲ್ಲ, ಆಟ ಸಪ್ಪೆ. ಪೆಟ್ಟಿಗೆಯೊಳಗೆ ನಾಲ್ಕು ಹುಣಸೆ ಬೀಜ ಹಾಕಿ ಕೊಡಲಿ, ತುಮಕೂರಲ್ಲಿ ಅದಕ್ಕೇನು ಬರವೇ? ಅಂದಹಾಗೆ ಹಾಸಿನ ಬೆಲೆ ಎಷ್ಟು ಅಂತ ಬರೆದೇ ಇಲ್ಲವಲ್ಲ ನೀವು.